ವಿಶ್ರಾಂತಿಯ ಗೆರೆ

ತಲೆಗೆ ತಂತಿಗಳ ಟೋಪಿ, ಬಲಗೈಗೆ ಬೆಳಿಗ್ಗೆ ತಾನೇ ಮಾಡಿದ ದಬ್ಬೆ. ಹೀಗೆ ಕುರ್ಚಿಯಲ್ಲಿ ಕೂತಾಗ ಅವಳಿಗೆ ಮೊದಲು ಬಂದದ್ದು ನಗು. ಇಷ್ಟು ವರ್ಷ ಕಂಡವರ ಕೈಗಳಿಗೆಲ್ಲ ದಬ್ಬೆ ಕಟ್ಟಿದವಳಿಗೆ ಇವತ್ತು ತನ್ನ ಕೈಯನ್ನೇ ಕಟ್ಟಿಸಿಕೊಳ್ಳುವ ಯೋಗ ಬಂದಿತ್ತು. ಡಾಕ್ಟರುಗಳು ಅದನ್ನು ಸ್ಪ್ಲಿಂಟ್ ಎನ್ನುತ್ತಾರೆ, ರೋಗಿಗಳು ದಬ್ಬೆ ಎನ್ನುತ್ತಾರೆ. ಹಾಗಾಗಿ ಆಸ್ಪತ್ರೆಯಲ್ಲಿ ಅವಳಿಗೆ ದಬ್ಬೆಯಮ್ಮ ಎಂದೇ ಹೆಸರು. ಲಕ್ವ ಹೊಡೆದು ಮುಷ್ಟಿಗಟ್ಟಿದ ಕೈಗಳು ಅವಳ ಕೋಣೆಗೆ ಬರುತ್ತವೆ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನ ತಟ್ಟೆಯಲ್ಲಿ ಮೆತ್ತಗಾಗಿಸಿ, ಮೊಣಕೈಯ ಕೆಳಗಿನಿಂದ ಬೆರಳ ತುದಿಯವರೆಗೆ ಒತ್ತಿ, ಅದು ಆರಿ ಗಟ್ಟಿಯಾಗುವ ತನಕ ಆ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದು ಕೂರುವುದು ಅವಳ ಕೆಲಸ. ಆಮೇಲೆ ಪಟ್ಟಿಗಳನ್ನು ಬಿಗಿದು, “ರಾತ್ರಿ ಹಾಕ್ಕೊಳ್ಳಿ, ಬೆಳಿಗ್ಗೆ ತೆಗೀರಿ, ಮರೀಬೇಡಿ” ಎನ್ನುವುದು. ಯಾರಾದರೂ “ಇದರೊಳಗೆ ಕೈ ಒಂಥರಾ ಆಗುತ್ತಮ್ಮ” ಎಂದರೆ, “ಅಭ್ಯಾಸ ಆಗುತ್ತೆ” ಎಂದು ಹೇಳಿ ಬಾಗಿಲ ಕಡೆ ನೋಡುವುದೂ ಆ ಕೆಲಸದ ಭಾಗವೇ ಆಗಿಹೋಗಿತ್ತು. ಒಂಥರಾ ಎಂದರೆ ಏನೆಂದು ಈಗ ತಿಳಿಯತೊಡಗಿತು. ಮೊದಲು ಕಿರುಬೆರಳ ಬುಡದಲ್ಲಿ ನವೆ. ಆ ನವೆ ಹೋದಮೇಲೆ ಬೆರಳುಗಳ ನಡುವಿನ ಗಡಿಯೇ ಅಳಿಸಿದಂತಾಗಿ, ಯಾವುದು ಉಂಗುರಬೆರಳು, ಯಾವುದು ನಡುಬೆರಳು ಎಂದು ಕಣ್ಣು ಮುಚ್ಚಿ ಹೇಳುವುದು ಕಷ್ಟವಾಯಿತು. ಕೈ ಇತ್ತು, ಆದರೆ ಪಕ್ಕದ ಮನೆಯಲ್ಲಿ ಇದ್ದ ಹಾಗಿತ್ತು.

ಎದುರಿನ ಪರದೆಯ ಮೇಲೆ ಹಸಿರು ಬಿಲ್ಲೆ ಮೂಡಿದರೆ ಬೆರಳು ಬಿಡಿಸಲು ಪ್ರಯತ್ನಿಸಬೇಕು, ಬೂದು ಬಿಲ್ಲೆ ಮೂಡಿದರೆ ಸುಮ್ಮನಿರಬೇಕು. ಟೋಪಿಯೊಳಗಿನ ಪುಟ್ಟ ದೀಪಗಳು ತಲೆಬುರುಡೆಯನ್ನು ಹಾಯ್ದು, ಮಿದುಳಿನ ಯಾವ ಜಾಗಕ್ಕೆ ರಕ್ತ ಏರಿತು, ಯಾವ ಜಾಗದಿಂದ ಇಳಿಯಿತು ಎಂದು ನೋಡಿ ಕಂಪ್ಯೂಟರಿನ ಮೇಲೆ ಗೆರೆ ಎಳೆಯುತ್ತವೆಯಂತೆ. ಈ ಪರೀಕ್ಷೆ ನಡೆಸುವವರನ್ನು ಎಲ್ಲರೂ ತಲೆ ಡಾಕ್ಟರು ಎನ್ನುತ್ತಿದ್ದರು. ಊಟದ ಹೊತ್ತಿನಲ್ಲೂ ಎದುರಿಗಿದ್ದವರ ಮುಖ ಬಿಟ್ಟು ನೆತ್ತಿ ನೋಡುವ ಮನುಷ್ಯ. ಅವರಿಗೆ ತಿಳಿಯಬೇಕಾಗಿದ್ದದ್ದು ಒಂದೇ ವಿಷಯ: ಕಟ್ಟಿಟ್ಟ ಕೈಯನ್ನು ಮಿದುಳು ಮರೆಯುತ್ತದೆಯೋ, ಇಲ್ಲ ಮೊದಲಿಗಿಂತ ಹೆಚ್ಚು ನೆನೆಯುತ್ತದೆಯೋ. ರೋಗಿಗಳ ಗೆರೆಯ ಪಕ್ಕ ಇಟ್ಟು ನೋಡಲು ಆರೋಗ್ಯವಂತರ ಗೆರೆ ಬೇಕಾಗಿತ್ತು. ಬರುತ್ತೇನೆಂದಿದ್ದ ನರ್ಸು ಕೈಕೊಟ್ಟಳು. ಕಾರಿಡಾರಿನಲ್ಲಿ ಹೋಗುತ್ತಿದ್ದ ದಬ್ಬೆಯಮ್ಮ ಸಿಕ್ಕಿಬಿದ್ದಳು. ಹಸಿರು ಬಂತು. ಅವಳು ಬೆರಳು ಬಿಡಿಸಹೋದಳು, ಪಟ್ಟಿ ಬಿಡಲಿಲ್ಲ. ಒಳಗಿನಿಂದ ಹೊರಟ ಆ ಪ್ರಯತ್ನ ಬೆರಳವರೆಗೆ ಬಂದು, ದಾರಿ ಇಲ್ಲವೆಂದು ತಿಳಿದು, ಆಮೇಲೆ ಎಲ್ಲಿಗೆ ಹೋಯಿತು? ವಾಪಸು ಹೋಯಿತೇ, ಅಲ್ಲೇ ನಿಂತಿತೇ? ಇಷ್ಟೊಂದು ಕೈ ಕಟ್ಟಿದವಳಿಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲವಲ್ಲ ಎಂದು ಅಚ್ಚರಿಯಾಯಿತು. ಮತ್ತೆ ಹಸಿರು ಬರಲಿ, ಈ ಸಲ ಹಿಂಬಾಲಿಸಿ ನೋಡೋಣ ಎಂದು ಆಟಕ್ಕೆ ಕೂತ ಮಗುವಿನಂತೆ ಕಾದಳು. ಅಷ್ಟರಲ್ಲಿ, ಮನೆಯ ಕಿಟಕಿಯ ಪಕ್ಕ ಹಾಡಹಗಲಲ್ಲೇ ದಬ್ಬೆ ಕಟ್ಟಿಸಿಕೊಂಡು ಕೂತಿರುವ ಅಕ್ಕನ ನೆನಪಾಯಿತು.

“ಏನ್ ವಿಶ್ರಾಂತಿ ರೀ ನಿಮ್ದು!” ಎಂದರು ತಲೆ ಡಾಕ್ಟರು ಟೋಪಿ ಬಿಚ್ಚುತ್ತ. “ಬೂದು ಬಂದ ತಕ್ಷಣ ಗೆರೆ ನೆಲ ಕಚ್ಚುತ್ತೆ. ಇಷ್ಟು ಚೆನ್ನಾಗಿ ಖಾಲಿಯಾಗೋ ತಲೆ ನಾನು ನೋಡೇ ಇಲ್ಲ.” ಹೊಗಳಿಕೆ ಎಂದುಕೊಂಡು ನಕ್ಕಳು. ಪರದೆಯ ಮೇಲೆ ಆ ಗೆರೆ ಒರೆಸಿದ ನೆಲದ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ನನ್ನೊಳಗೆ ಇಷ್ಟೇನಾ ಎಂದು ಅವಮಾನವಾಯಿತು. ಯಾರಿಗೂ ಹೇಳಿಕೊಳ್ಳುವಂಥ ಅವಮಾನವಲ್ಲ. “ಮಧ್ಯಾಹ್ನ ನಿಮ್ಮ ಅಕ್ಕನವರನ್ನ ಕರ್ಕೊಂಡು ಬನ್ನಿ. ಅವರು ರಾತ್ರಿ ಮಾತ್ರ ತಾನೇ ಹಾಕ್ಕೊಳ್ಳೋದು? ಹಗಲೆಲ್ಲ ಹಾಕೋರು ನನ್ನ ಲೆಕ್ಕಕ್ಕೆ ಬರಲ್ಲ.” “ಹೂಂ ಸಾರ್, ರಾತ್ರಿ ಮಾತ್ರ” ಎಂದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು ಸುಳ್ಳು.

ಅಕ್ಕ ಹುಟ್ಟಾ ಕಿವುಡಿ. ಅವಳ ಮಾತೆಲ್ಲ ಕೈಯಲ್ಲಿ. ಅವಳನ್ನು ಜನ ಮೂಗಿ ಎನ್ನುತ್ತಿದ್ದದ್ದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿಲ್ಲ, ಅಂಥ ಬಾಯಿಬಡುಕಿ ಆ ಬೀದಿಗೇ ಒಬ್ಬಳು. ಬಾಟಲಿ ಕಾರ್ಖಾನೆಯಲ್ಲಿ, ದೀಪದ ಎದುರು ಸಾಲಾಗಿ ಸಾಗುವ ಬಾಟಲಿಗಳಲ್ಲಿ ಬಿರುಕು ಹುಡುಕುವ ಕೆಲಸ ಅವಳದು. ಅಲ್ಲಿನ ಗದ್ದಲದಲ್ಲಿ ಕಿವಿಯಿದ್ದವರೆಲ್ಲ ಮೂಕರು, ಅಕ್ಕ ಒಬ್ಬಳೇ ವಾಚಾಳಿ. ಕೊನೆಗೆ ಆ ವಿಭಾಗದವರೆಲ್ಲ ಅವಳ ಕೈಮಾತು ಕಲಿತು ಮೇಸ್ತ್ರಿಯ ಎದುರಿಗೇ ಮೇಸ್ತ್ರಿಯ ಬಗ್ಗೆ ಹರಟುತ್ತಿದ್ದರು. ಎಲ್ಲರಿಗೂ ಅವಳು ಒಂದೊಂದು ಕೈಹೆಸರು ಇಟ್ಟಿದ್ದಳು: ಮೇಸ್ತ್ರಿಗೆ ಜಾರುವ ಪ್ಯಾಂಟು ಎಳೆದುಕೊಳ್ಳುವುದು, ತಂಗಿಯ ಗಂಡನಿಗೆ ಮೂಗು ಹಿಂಡುವುದು. ಕಾರ್ಖಾನೆಯ ಹೊರಗೆ ಮಾತ್ರ ಅವಳಿಗೆ ಒಂದು ಬಾಯಿ ಬೇಕಾಗುತ್ತಿತ್ತು, ಆ ಬಾಯಿ ತಂಗಿ. ಇನ್ನೂ ಹಲ್ಲು ಬೀಳುವ ವಯಸ್ಸಿನಲ್ಲಿ ಅಂಗಡಿಯ ಮುಂದೆ ತುದಿಗಾಲಲ್ಲಿ ನಿಂತು “ನಮ್ಮಕ್ಕ ಹೇಳ್ತಾಳೆ, ನಿಮ್ಮ ತಕ್ಕಡಿ ಕುಂಟುತ್ತಂತೆ” ಎಂದು ಹೇಳಿ ಕಿವಿ ಹಿಂಡಿಸಿಕೊಂಡಿದ್ದಳು. ಆಡಿದವಳು ಒಬ್ಬಳು, ಹಿಂಡಿಸಿಕೊಂಡವಳು ಇನ್ನೊಬ್ಬಳು. ಆಮೇಲೆ ಸೋಸಿ ದಾಟಿಸುವುದನ್ನು ಕಲಿತಳು. ಅಕ್ಕ “ಈ ಡಾಕ್ಟರಿಗೆ ಕತ್ತೆ ಕಾಯೋಕೆ ಹೋಗು ಅನ್ನು” ಎಂದರೆ, “ನೋವು ಇನ್ನೂ ಸ್ವಲ್ಪ ಇದೆಯಂತೆ ಸಾರ್”. ಮದುವೆಯಾಗುವ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದ ದಿನ ಅವನ ಮೂಗಿನ ಮೇಲೆ ಅಕ್ಕ ಮಾಡಿದ ಭಾಷಣವನ್ನು “ನಿಮ್ಮನ್ನ ನೋಡಿ ಖುಷಿಯಾಯ್ತಂತೆ” ಎಂದು ಮುಗಿಸಿದ್ದಳು. ಅಕ್ಕನಿಗೆ ತುಟಿ ಓದಲು ಬರುತ್ತಿತ್ತು. “ನಾನು ಅಷ್ಟು ಹೇಳಿದೆ, ನೀನು ಇಷ್ಟೇ ಹೇಳಿದೆ” ಎಂದು ಕಣ್ಣು ಕಿರಿದಾಗಿಸುತ್ತಿದ್ದಳು. ಹೀಗೆ ಇನ್ನೊಬ್ಬಳ ಮಾತನ್ನು ಹೊತ್ತು ಹೊತ್ತು ತಂಗಿಗೆ ನಡುವಯಸ್ಸಾಗಿತ್ತು.

ಕಳೆದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಕಾಲು ಹೇಗೋ ಚೇತರಿಸಿಕೊಂಡಿತು. ಬಲಗೈ ಮುಷ್ಟಿಯಾಗಿ ಉಳಿಯಿತು. “ಮಾತಿನ ವಿಭಾಗಕ್ಕೆ ಕಳಿಸೋದು ಬೇಡ, ಇವರಿಗೆ ಮೊದಲೇ ಮಾತಿಲ್ಲವಲ್ಲ” ಎಂದರು ವಾರ್ಡಿನ ದೊಡ್ಡ ಡಾಕ್ಟರು. ಮಾತಿದೆ ಸಾರ್, ಅದಿರೋದು ಈ ಕೈಲಿ ಎನ್ನಬೇಕಾಗಿತ್ತು. ಎನ್ನಬೇಕಾದವಳು ಮಂಚದ ಪಕ್ಕದಲ್ಲೇ ನಿಂತಿದ್ದಳು. “ಹೌದು ಸಾರ್” ಎಂದಳು. ಆ ಕೈಗೆ ಅವಳೇ ದಬ್ಬೆ ಮಾಡಿದಳು, ರಾತ್ರಿ ಹೊತ್ತಿಗೆಂದು. ಹಗಲಲ್ಲಿ ಅಕ್ಕ ಎಡಗೈಯಲ್ಲಿ ಮಾತಾಡಲು ನೋಡುತ್ತಿದ್ದಳು; ಮೊದಮೊದಲು ಅದೆಲ್ಲ ಕಲಸಿಹೋಗಿ ಏನೂ ತಿಳಿಯುತ್ತಿರಲಿಲ್ಲ. ಬರಬರುತ್ತ ಚೂರುಪಾರು ತಿಳಿಯತೊಡಗಿತು, ಆದರೂ ಗೊತ್ತಾಗಲಿಲ್ಲ ಎಂದು ತಲೆಯಾಡಿಸುವುದು ತಂಗಿಗೆ ರೂಢಿಯಾಗಿಬಿಟ್ಟಿತ್ತು. ಎಡಗೈಯ ಜೊತೆ ಸೇರಲು ಬಲಗೈ ಎದ್ದು ತಡಕಾಡುವುದನ್ನು ನೋಡಲಾಗದೆ, ಹಾಗೆಂದು ತನಗೆ ತಾನೇ ಹೇಳಿಕೊಂಡು, ಮಧ್ಯಾಹ್ನವೂ ದಬ್ಬೆ ಇರಲಿ ಎಂದಳು. ಮಧ್ಯಾಹ್ನ ಬೆಳಿಗ್ಗೆಯನ್ನೂ ಸೇರಿಸಿಕೊಂಡಿತು. ಬಿಚ್ಚುವುದು ಸ್ನಾನಕ್ಕೆ ಮಾತ್ರ ಎಂದಾಯಿತು. ಅಕ್ಕ ಎಡಗೈಯಿಂದ ಪಟ್ಟಿ ಕಿತ್ತಳು. ಬುದ್ಧಿ ಸ್ತಿಮಿತದಲ್ಲಿಲ್ಲದೆ ದಬ್ಬೆ ಕಿತ್ತೆಸೆಯುವ ರೋಗಿಗಳಿಗೆಂದೇ ಒಂದು ಉಪಾಯ ಉಂಟು: ಪಟ್ಟಿಯ ತುದಿಗಳನ್ನು ಹಿಂದಕ್ಕೆ ತಿರುಗಿಸಿ ಅಡಿಯಲ್ಲಿ ಸಿಕ್ಕಿಸುವುದು, ಆಗ ಇನ್ನೊಂದು ಕೈಗೆ ತುದಿಯೇ ಸಿಗುವುದಿಲ್ಲ. ಅದನ್ನು ಅವಳು ಬುದ್ಧಿ ನೆಟ್ಟಗಿರುವ ಅಕ್ಕನಿಗೆ ಮಾಡಿದಳು. ಶಾಲೆಯ ಮೇಷ್ಟರು ಕೈ ಕಟ್ಟಿ, ಬಾಯಿ ಮುಚ್ಚಿ ಎಂದು ಎರಡು ಅಪ್ಪಣೆ ಕೊಡುತ್ತಿದ್ದರು. ಅಕ್ಕನ ವಿಷಯಕ್ಕೆ ಒಂದೇ ಸಾಕಾಯಿತು.

ಮನೆ ತಣ್ಣಗಾಯಿತು. “ಈಗೀಗ ಎಷ್ಟು ಶಾಂತಿ ಅಲ್ವಾ?” ಎಂದ ಗಂಡ, ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಳ್ಳುತ್ತ. ಅವಳು ಅವನ ಮೇಲೆ ಹರಿಹಾಯ್ದಳು, ಏಕೆಂದರೆ ಅವಳಿಗೂ ಹಾಗೇ ಅನಿಸಿತ್ತು. ಅವಳ ಬಾಯಿ ಮೊದಲ ಸಲ ಅವಳೊಬ್ಬಳದಾಗಿತ್ತು. ಏನಾದರೂ ಆಡೋಣವೆಂದರೆ ಆಡಲು ಏನೂ ತೋಚುತ್ತಿರಲಿಲ್ಲ. ಹಗಲೂ ಕಟ್ಟಿಟ್ಟ ಕೈ ಬಳಕೆ ತಪ್ಪಿ ಕೆಟ್ಟುಹೋಗುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಾ ಹತ್ತು ಜನರಿಗೆ ಅದನ್ನೇ ಹೇಳುತ್ತಿದ್ದಳು. ಹಿಂತಿರುಗಿ ಬರಬಹುದಾಗಿದ್ದ ಮಾತು ತನ್ನ ಕೈಯಾರೆ ಸತ್ತಿದ್ದರೆ? ಬೆಳಗಿನಿಂದ ಅವಳ ತಲೆ ಕೊರೆಯುತ್ತಿದ್ದದ್ದು ಇದು. ತಲೆ ಡಾಕ್ಟರ ಟೋಪಿಗೆ ಅಕ್ಕನನ್ನು ತಾನಾಗಿ ಒಪ್ಪಿಸಿದ್ದೇಕೆ ಎಂದು ಯೋಚಿಸಿದರೆ ಉತ್ತರವೂ ಇದೇ. ಒಳಗೆ ಏನಾದರೂ ಉಳಿದಿದೆಯೇ ಎಂದು ನೋಡುವ ಆಸೆ ಭಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತು.

ಮಧ್ಯಾಹ್ನ ಅಕ್ಕನನ್ನು ಕೂರಿಸಿ, ದಬ್ಬೆಯನ್ನು ಪರೀಕ್ಷೆಗೆಂದೇ ಕಟ್ಟಿ ಕರೆತಂದಿದ್ದಾಳೆ ಎಂದುಕೊಂಡು, ಚರ್ಮ ನೋಡಲೆಂದು ಡಾಕ್ಟರು ಅದನ್ನು ಬಿಚ್ಚಹೋದರು. ಬೆರಳು ಅತ್ತ ಇತ್ತ ಹುಡುಕಿತು. “ಇದೇನ್ರೀ, ತುದಿನೇ ಸಿಕ್ತಿಲ್ಲ? ಹಿಂದುಮುಂದಾಗಿ ಕಟ್ಟಿದ್ದೀರಲ್ಲ.” “ಜಾರುತ್ತೆ ಅಂತ ಸಾರ್.” ಅವಳೇ ಬಗ್ಗಿ ಬಿಚ್ಚಿಕೊಟ್ಟಳು. ಬಿಳುಚಿಕೊಂಡ ತೊಗಲಿನ ಮೇಲೆ ಪಟ್ಟಿಯ ಅಚ್ಚು ಆಳವಾಗಿ ಕೂತಿತ್ತು. “ರಾತ್ರಿ ಹಾಕಿದ್ದರ ಗುರುತು ಇನ್ನೂ ಹೋಗಿಲ್ವಲ್ಲ, ಬಿಗಿ ಜಾಸ್ತಿಯಾಯ್ತು” ಎಂದರು ಡಾಕ್ಟರು, ಯಾವ ಅನುಮಾನವೂ ಇಲ್ಲದೆ. ಅಕ್ಕ ಅವರ ತುಟಿಯನ್ನು ಓದಿದಳು, ತಂಗಿಯ ತುಟಿಯನ್ನೂ ಓದಿದಳು. ಮತ್ತೆ ದಬ್ಬೆ ಕಟ್ಟಿದರು, ಟೋಪಿ ಹಾಕಿದರು. ಹಸಿರು ಬಂದಾಗ ಅಕ್ಕನ ಗೆರೆ ತುಸು ಮೇಲೆದ್ದಿತು. ಬೂದು ಬಂತು, ಗೆರೆ ಇಳಿಯಬೇಕು. ಇಳಿಯಲಿಲ್ಲ. ಇನ್ನೂ ಮೇಲೆ ಹೋಗಿ ಅಲ್ಲೇ ಏರುತ್ತ ತಗ್ಗುತ್ತ ಆಡಿತು. ಡಾಕ್ಟರು ಟೋಪಿ ಸರಿಮಾಡಿ ಮತ್ತೊಮ್ಮೆ ನಡೆಸಿದರು. ಮತ್ತೆ ಅದೇ. “ಬೂದು ಅಂದ್ರೆ ಸುಮ್ಮನಿರಬೇಕು ಅಂತ ಹೇಳಿ ಅವರಿಗೆ.” ಸುಮ್ಮನಿರು ಎಂದು ಅವಳು ಕೈಯಲ್ಲಿ ಹೇಳಿದಳು. ಜೀವಮಾನದಲ್ಲಿ ಅಕ್ಕನಿಗೆ ಅವಳು ಹೆಚ್ಚು ಸಲ ಹೇಳಿದ ಮಾತೆಂದರೆ ಇದೊಂದೇ ಇರಬೇಕು.

ಅಕ್ಕ ಎಡಗೈ ಎತ್ತಿದಳು. “ಸುಮ್ಮನೇ ಇದ್ದೀನಲ್ಲ.”

“ಮನಸ್ಸಿನಲ್ಲೂ ಸುಮ್ಮನಿರಬೇಕಂತೆ.”

“ಹಾಗಾದ್ರೆ ಅದಕ್ಕೂ ಒಂದು ದಬ್ಬೆ ಮಾಡು.”

“ಏನಂತೆ?” ಎಂದರು ಡಾಕ್ಟರು. “ಪ್ರಯತ್ನ ಮಾಡ್ತಾಳಂತೆ” ಎಂದಳು. ಸೋಸಿದ್ದು ಸಾಕಷ್ಟು ಆಗಿತ್ತು, ಇನ್ನೊಂದರಿಂದ ಏನಾಗುತ್ತದೆ? ಅಕ್ಕನ ಕಣ್ಣು ಕಿರಿದಾಯಿತು. ಪರೀಕ್ಷೆ ಮತ್ತೊಮ್ಮೆ ನಡೆಯಿತು, ಗೆರೆ ಮತ್ತೊಮ್ಮೆ ಕುಣಿಯಿತು. ಡಾಕ್ಟರು ಕುರ್ಚಿಗೆ ಒರಗಿ ಕೈ ಚೆಲ್ಲಿದರು. “ಬಿಡಿ, ಇವರದ್ದು ಕೈಬಿಡ್ತೀನಿ. ಪಾಪ, ಅವರಿಗೆ ಅರ್ಥ ಆಗ್ತಿಲ್ಲ ಅನ್ಸುತ್ತೆ.” ಅಲ್ಲಿಗೆ ಮುಗಿದಿತ್ತು. ಇನ್ನು ಯಾರೂ ಏನೂ ಕೇಳುವುದಿಲ್ಲ. ಸಂಜೆ ಮನೆಗೆ ಹೋಗಿ ಪಟ್ಟಿಯ ತುದಿ ಹಿಂದಕ್ಕೆ ಸಿಕ್ಕಿಸಬಹುದು. ಬದುಕಿದೆಯಾ ಬಡಜೀವ ಎಂದು ಅವಳಿಗೆ ಅನಿಸಬೇಕಾಗಿತ್ತು. ಆದರೆ ಆ ‘ಪಾಪ’ ಎಂಬ ಮಾತನ್ನು ಹಾಗೇ ಬಿಟ್ಟು ಹೋಗಲು ಅವಳಿಂದ ಆಗಲಿಲ್ಲ. ಅಕ್ಕನಿಗೆ ಅರ್ಥವಾಗದ ವಿಷಯ ಜಗತ್ತಿನಲ್ಲಿ ಉಂಟೇ? ಮೇಸ್ತ್ರಿಯ ಪ್ಯಾಂಟು ಜಾರುವುದನ್ನು ನೋಡಿಯೇ, ಹೆಂಡತಿ ಮುನಿಸಿಕೊಂಡು ಊಟ ಹಾಕುತ್ತಿಲ್ಲ ಎಂದು ಕಂಡುಹಿಡಿದವಳು! ಅವಳು ಪರದೆಯ ಹತ್ತಿರ ಹೋಗಿ, “ಇದು ಯಾವ ಜಾಗ ಸಾರ್, ಹೀಗೆ ಕುಣೀತಿರೋದು?” ಎಂದಳು. “ಬಲಗೈ ಜಾಗ. ಅದಕ್ಕೇ ಹೇಳಿದ್ದು, ಏನೋ ತಪ್ಪಾಗಿದೆ. ಆ ಕೈ ಕದಲಿಲ್ಲ, ಕದಲಿಸು ಅಂತ ನಾವೂ ಹೇಳಿಲ್ಲ.” ಅವಳು ತಿರುಗಿ ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತಳು. ಲಕ್ವ ಹೊಡೆದ ಮೇಲೆ ಹಸಿವೇ, ನೋವೇ, ನಿದ್ದೆಯೇ ಎಂಬುದನ್ನು ಬಿಟ್ಟು ಅಕ್ಕನನ್ನು ಏನನ್ನೂ ಕೇಳಿರಲಿಲ್ಲ ಎಂಬುದು, ಕೇಳಲು ಕೈ ಎತ್ತಿದಾಗ ಅವಳ ಗಮನಕ್ಕೆ ಬಂತು.

“ಬೂದು ಬಂದಾಗ ನೀನು ಏನು ಮಾಡ್ತಿದ್ದೆ?”

ಅಕ್ಕ ಅವಳ ಮುಖವನ್ನು ಬಾಟಲಿ ನೋಡುವ ಹಾಗೆ ನೋಡಿದಳು. “ಮಾತಾಡ್ತಿದ್ದೆ.”

“ಯಾರ ಜೊತೆ?”

“ನನ್ನ ಜೊತೆ. ಬೇರೆ ಯಾರು ಕೇಳ್ತಾರೆ?”

“ಯಾವ ಕೈಯಲ್ಲಿ?”

ಇದೂ ಒಂದು ಪ್ರಶ್ನೆಯೇ ಎನ್ನುವಂತೆ ಅಕ್ಕ ಗಲ್ಲದಿಂದ ದಬ್ಬೆಯನ್ನು ತೋರಿಸಿದಳು. ಆಮೇಲೆ ಎಡಗೈ ಚುರುಕಾಯಿತು. ತಂಗಿ ಒಂದೊಂದನ್ನೂ ಬಾಯಿಗೆ ತಂದಳು, ಒಂದಕ್ಷರ ಬಿಡದೆ, ಒಂದಕ್ಷರ ಸೋಸದೆ. “ಅಕ್ಕ ಹೇಳ್ತಾಳೆ ಸಾರ್, ಆ ಕೈ ಚೀಲದಲ್ಲಿ ಕಟ್ಟಿದ ಬೆಕ್ಕಿನ ಹಾಗೆ ದಬ್ಬೆಯೊಳಗೆ ಒದ್ದಾಡ್ತಾನೇ ಇರುತ್ತಂತೆ, ಹೊರಗಿನವರಿಗೆ ಕಾಣಲ್ವಂತೆ. 

“ಹಸಿರು ಬಂದಾಗ ಕೈ ಬಿಚ್ಚು ಅಂತೀರಂತೆ, ಬರೀ ಕೈ ಬಿಚ್ಚೋದು ಬೋರಂತೆ. ಬೂದು ಬಂದಾಗ ಬಿಡುವು ಸಿಗುತ್ತಲ್ಲ, ಆಗ ನಿಮ್ಮ ಬಗ್ಗೆ ಮಾತಾಡ್ಕೊಳ್ತಿದ್ದಳಂತೆ. ನೀವು ಜನರ ನೆತ್ತಿ ನೋಡೋದು ನಿಮ್ಮ ನೆತ್ತೀಲಿ ಕೂದಲಿಲ್ಲ ಅನ್ನೋ ಹೊಟ್ಟೆಕಿಚ್ಚಿಗಂತೆ.” ಹೇಳಿ ಮುಗಿಸಿದಾಗ ಅವಳ ಕಿವಿ ಬಿಸಿಯಾಗಿತ್ತು, ಯಾರೋ ಮತ್ತೆ ಹಿಂಡಿದ ಹಾಗೆ. ಡಾಕ್ಟರ ಕೈ ತಾನಾಗಿ ತಲೆಗೆ ಹೋಯಿತು. ಅವರು ನಕ್ಕರು, ನಗು ಅರ್ಧಕ್ಕೆ ನಿಂತು ಕಣ್ಣು ಪರದೆಗೆ ಹೋಯಿತು. “ಮಾತಾಡ್ತಿದ್ದರಾ? ಇದು ಮಾತಾ?” ಗೆರೆಯ ಮೇಲೆ ಬೆರಳಾಡಿಸಿದರು. “ಒಬ್ಬರದ್ದನ್ನ ನೋಡಿ ಏನೂ ಹೇಳೋಕಾಗಲ್ಲ, ಇದು ಟೋಪಿಯ ತಪ್ಪೇ ಇರಬಹುದು. ಆದ್ರೂ... ಮಾತಿನ ವಿಭಾಗದವರು ಇವರನ್ನ ನೋಡಿಲ್ವಾ?” ಇಲ್ಲ ಎಂದಳು. ಅವರು ಕುರ್ಚಿ ಎಳೆದುಕೊಂಡು ಅಕ್ಕನ ಎದುರು, ನೆತ್ತಿ ಬಿಟ್ಟು ಮುಖ ನೋಡುತ್ತ ಕೂತರು. “ಕಟ್ಟಿಟ್ಟೂ ಇಷ್ಟು ಉಳಿದಿದೆ ಅಂದ್ರೆ... ರಾತ್ರಿ ಮಾತ್ರ ಹಾಕಿದ್ದು ಒಳ್ಳೇದಾಯ್ತು ಬಿಡಿ.”

“ರಾತ್ರಿ ಮಾತ್ರ ಅಲ್ಲ ಸಾರ್, ಹಗಲೂ ಹಾಕ್ತಿದ್ದೆ” ಎಂದಳು.

“ಯಾರು ಹೇಳಿದ್ದು ಹಾಗೆ?”

“ಯಾರೂ ಇಲ್ಲ. ನಾನೇ.”

ಡಾಕ್ಟರು ಪಟ್ಟಿಯ ತುದಿಗಳ ಕಡೆ ನೋಡಿದರು, ಈ ಸಲ ತಿಳಿದು ನೋಡಿದರು. “ನೀವಾ?” ಎಂದರು. ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಹೊಸ ದಿನ ಗೊತ್ತುಮಾಡಿ, ಮಾತಿನ ವಿಭಾಗಕ್ಕೆ ತಾವೇ ಹೇಳುವುದಾಗಿ ಅಕ್ಕನ ಕಡೆಗೇ ತಿರುಗಿ, ತುಟಿ ಕಾಣುವಂತೆ ನಿಧಾನವಾಗಿ ಹೇಳಿ, ಅವಳ ಕಡೆ ನೋಡದೆ ಎದ್ದುಹೋದರು.

ತನ್ನ ಕೋಣೆಯಲ್ಲಿ ಅವಳು ದಬ್ಬೆ ಬಿಚ್ಚಿ ಮೇಜಿನ ಮೇಲಿಟ್ಟಳು. ತಟ್ಟೆಯ ನೀರಿನಿಂದ ಹಬೆ ಏಳುತ್ತಿತ್ತು. ಹೊರಗೆ ಬೆಂಚಿನ ಮೇಲೆ ಮುಂದಿನ ರೋಗಿ ಕೆಮ್ಮಿದರು. ಅಕ್ಕನ ಬಲಗೈ ಕೆಲಹೊತ್ತು ಹಾಗೇ ಬಿಚ್ಚಿಕೊಂಡಿತ್ತು, ಆಮೇಲೆ ಬೆರಳುಗಳು ಮೆಲ್ಲಗೆ ಒಳಗೆ ಮಡಚಿಕೊಳ್ಳತೊಡಗಿದವು. ಅಕ್ಕ ಎಡಗೈಯಿಂದ ಅದನ್ನು ಎತ್ತಿ, ಎದೆಯ ಮಟ್ಟಕ್ಕೆ ತಂದು, ಏನೋ ಹೇಳಿದಳು. ಬೆರಳು ನಡುಗಿದವು, ಮಣಿಕಟ್ಟು ಅರ್ಧ ತಿರುಗಿ ನಿಂತಿತು. ಕೈಗಳನ್ನು ಓದಿಯೇ ಬದುಕಿದವಳಿಗೆ ಅದು ತಿಳಿಯಲಿಲ್ಲ. ಗೊತ್ತಾಗಲಿಲ್ಲ ಎಂದು ತಲೆ ತಾನಾಗಿ ಆಡತೊಡಗಿತು. ಈ ಸಲ ಅದು ನಿಜವಾಗಿತ್ತು, ಆದ್ದರಿಂದಲೇ ನಾಚಿಕೆಯಾಯಿತು. “ಇನ್ನೊಂದ್ಸಲ ಹೇಳು” ಎಂದಳು. ಅಕ್ಕ ಮತ್ತೆ ಹೇಳಿದಳು. ಬೆವರು ಹಣೆಯಿಂದ ಹುಬ್ಬಿಗೆ ಇಳಿಯಿತು. “ಇನ್ನೊಂದ್ಸಲ.” ಈ ಕೈಯಲ್ಲಿ ಮಾತು ಮತ್ತೆ ಬರುತ್ತದೆಯೋ ಇಲ್ಲವೋ, ಬಂದರೂ ಎಷ್ಟು ಬರುತ್ತದೆಯೋ, ಯಾವ ಗೆರೆಯೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೂರನೇ ಸಲ ತಿಳಿಯಿತು. ಕೂತ್ಕೋ ಎನ್ನುತ್ತಿದ್ದಳು ಅಕ್ಕ. ಅಷ್ಟೇ.

ಉಳಿದದ್ದನ್ನು ಎಡಗೈ ಹೇಳಿತು. ಬಲಗೈ ಅದರ ಜೊತೆಜೊತೆಗೆ ಎದ್ದು, ಅರ್ಧ ದಾರಿ ಬಂದು, ಬಿದ್ದು, ಮತ್ತೆ ಏಳುತ್ತಿತ್ತು. “ಒಂದನ್ನೂ ಮರೆತಿಲ್ಲ. ಮೊದಲಿಂದ ಹೇಳ್ತೀನಿ. ನನ್ನ ಕೈ ಕಟ್ಟಿ ಮುಗಿಸಿದ ದಿನ ನಿನ್ನ ಎರಡೂ ಭುಜ ಕೆಳಗಿಳಿದವು. ಬಾಯಿ ತೆರೆದು ಉಸಿರು ಬಿಟ್ಟೆ. ಕೇಳಿಸಲ್ಲ ನನಗೆ, ಆದ್ರೆ ನೋಡಿದೆ. ಅಲ್ಲಿಂದ ಶುರು ಮಾಡ್ತೀನಿ.”

ಹೊರಗೆ ಕಾಯುತ್ತಿದ್ದವರಿಗೆ ಇವತ್ತು ತುಂಬ ತಡವಾಗುತ್ತದೆ ಎಂದು ಹೇಳಿ ಬಂದು, ಅವಳು ಅಕ್ಕನ ಎದುರು ಕೂತಳು.